ಈ ವಾಕ್ಯ ಯಾವುದನ್ನು ತಡೆಯುತ್ತದೆ? ಲಾಜಿಕ್ ಪಜಲ್ ಬಿಡಿಸುವವರಿಗೆ ಒಂದು ದಾರಿ

ಲಾಜಿಕ್ ಪಜಲ್‌ಗಳಲ್ಲಿ ಜನ ತಪ್ಪುವುದು ಹೆಚ್ಚಾಗಿ ಲೆಕ್ಕದಲ್ಲಲ್ಲ, ಓದುವುದರಲ್ಲಿ. ಒಂದು ಸಾದಾ ವಾಕ್ಯ ಹೇಳಿದ್ದಕ್ಕಿಂತ ಜಾಸ್ತಿ ಹೇಳಿದೆ ಎಂದು ಅಂದುಕೊಂಡುಬಿಡುತ್ತಾರೆ. ನಾನು ಪಜಲ್ ಕಟ್ಟುತ್ತೇನೆ, ಬೇರೆಯವರು ಬಿಡಿಸಿದ ಹಾಳೆಗಳನ್ನು ಕೂತು ಓದುತ್ತೇನೆ. ನನಗೆ ಉತ್ತರಕ್ಕಿಂತ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಸಾಲುಗಳು ಮುಖ್ಯ. ಮಕ್ಕಳ ಹಾಳೆಯಾಗಲಿ ದೊಡ್ಡವರದಾಗಲಿ, ಕಾಲು ಜಾರುವ ಜಾಗ ಒಂದೇ: ‘ಹೀಗಾದರೆ ಹಾಗೆ’ ಎನ್ನುವ ವಾಕ್ಯ. ಅದಕ್ಕೇ ನಾನು ಹೇಳಿಕೊಡುವಾಗ ಮೊದಲು ಒಂದೇ ಒಂದು ಪ್ರಶ್ನೆ ಕಲಿಸುತ್ತೇನೆ. ಮಿಕ್ಕಿದ್ದೆಲ್ಲ ಅದರಿಂದಲೇ ಬರುತ್ತದೆ.

ಈ ವಾಕ್ಯ ನೋಡಿ: ‘ಪೆಟ್ಟಿಗೆ ಕೆಂಪಾಗಿದ್ದರೆ ಅದರೊಳಗೆ ನಾಣ್ಯ ಇದೆ.’

ಓದಿದ ಕೂಡಲೇ ‘ಇದು ಏನು ಹೇಳುತ್ತದೆ?’ ಎಂದು ಕೇಳಿಕೊಳ್ಳಬೇಡಿ. ‘ಇದು ಯಾವುದನ್ನು ತಡೆಯುತ್ತದೆ?’ ಎಂದು ಕೇಳಿಕೊಳ್ಳಿ. ಒಂದು ಪೆಟ್ಟಿಗೆ ನಾಲ್ಕು ಥರ ಇರಬಹುದು. ಕೆಂಪು, ನಾಣ್ಯ ಇದೆ. ಕೆಂಪು, ನಾಣ್ಯ ಇಲ್ಲ. ಕೆಂಪಲ್ಲ, ನಾಣ್ಯ ಇದೆ. ಕೆಂಪಲ್ಲ, ನಾಣ್ಯವೂ ಇಲ್ಲ. ವಾಕ್ಯ ತಡೆಯುವುದು ಎರಡನೆಯದನ್ನು ಮಾತ್ರ. ಉಳಿದ ಮೂರಕ್ಕೂ ಅದರ ಅಡ್ಡಿಯಿಲ್ಲ. ನೀಲಿ ಪೆಟ್ಟಿಗೆಯ ತುಂಬ ನಾಣ್ಯ ಇದ್ದರೂ ವಾಕ್ಯ ನಿಜವೇ. ನೀಲಿ ಪೆಟ್ಟಿಗೆ ಖಾಲಿ ಇದ್ದರೂ ನಿಜವೇ. ನೀಲಿಯ ಬಗ್ಗೆ ಅದು ಬಾಯಿ ಬಿಟ್ಟಿಲ್ಲ.

ಹಾಳೆಯಲ್ಲಿ ವಾಕ್ಯದ ಪಕ್ಕದಲ್ಲೇ ಬರೆದುಕೊಳ್ಳಿ: ‘ತಡೆ: ಕೆಂಪು + ನಾಣ್ಯ ಇಲ್ಲ.’ ಮೂಲ ವಾಕ್ಯವನ್ನು ಮತ್ತೆ ಮತ್ತೆ ಓದಬೇಕಾಗಿಲ್ಲ. ಇನ್ನು ಮುಂದೆ ಈ ಪುಟ್ಟ ಸಾಲೇ ನಿಮ್ಮ ಕೆಲಸದ ವಸ್ತು.

ಈಗ ಯಾರೋ ಒಂದು ಸುದ್ದಿ ತರುತ್ತಾರೆ. ‘ಪೆಟ್ಟಿಗೆ ಕೆಂಪು’ ಎಂದರೆ, ತಡೆದ ಸ್ಥಿತಿಯ ಅರ್ಧ ಆಗಿಹೋಯಿತು. ಇನ್ನರ್ಧ ಆಗುವಂತಿಲ್ಲ, ಹಾಗಾಗಿ ನಾಣ್ಯ ಇದೆ. ‘ನಾಣ್ಯ ಇಲ್ಲ’ ಎಂದರೂ ಅರ್ಧ ಆಗಿದೆ, ಹಾಗಾಗಿ ಪೆಟ್ಟಿಗೆ ಕೆಂಪಲ್ಲ. ಈ ಎರಡು ಹೆಜ್ಜೆ ಗಟ್ಟಿ. ಇನ್ನು ‘ನಾಣ್ಯ ಇದೆ’ ಎಂಬ ಸುದ್ದಿ ಬಂತು ಅನ್ನಿ. ತಡೆ ಸಾಲಿನಲ್ಲಿ ‘ನಾಣ್ಯ ಇದೆ’ ಎಂಬುದೇ ಇಲ್ಲ. ಆದ್ದರಿಂದ ವಾಕ್ಯ ಈಗ ಸುಮ್ಮನಿರುತ್ತದೆ. ಪೆಟ್ಟಿಗೆ ಕೆಂಪೋ ನೀಲಿಯೋ ಗೊತ್ತಾಗುವುದಿಲ್ಲ. ‘ಪೆಟ್ಟಿಗೆ ಕೆಂಪಲ್ಲ’ ಎಂದಾಗಲೂ ಅಷ್ಟೆ. ಪಜಲ್‌ಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪುಗಳು ಈ ಎರಡೇ. ಒಂದು, ವಾಕ್ಯವನ್ನು ತಿರುಗಾ ಮುರುಗಾ ಮಾಡುವುದು: ನಾಣ್ಯ ಇದೆಯಲ್ಲ, ಹಾಗಾದರೆ ಕೆಂಪು. ಇನ್ನೊಂದು, ಎರಡೂ ಕಡೆಗೆ ‘ಇಲ್ಲ’ ಹಚ್ಚುವುದು: ಕೆಂಪಲ್ಲವಲ್ಲ, ಹಾಗಾದರೆ ನಾಣ್ಯ ಇಲ್ಲ.

ಈ ತಪ್ಪುಗಳಿಗೆ ಉದ್ದುದ್ದ ಹೆಸರುಗಳಿವೆ. ಅವನ್ನು ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಹೆಸರು ಗೊತ್ತಿದ್ದವರೂ ಪಜಲ್ ಬಿಸಿಯಲ್ಲಿ ಅದೇ ತಪ್ಪು ಮಾಡುತ್ತಾರೆ. ತಡೆ ಸಾಲು ಕಣ್ಣೆದುರು ಇದ್ದರೆ ಮಾಡುವುದಿಲ್ಲ.

ಹೊಗೆ, ಬೆಂಕಿ, ಕಾದ ಕಬ್ಬಿಣ

ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಭಾರತದ ಹಳೆಯ ತರ್ಕಪಂಥದವರು, ಈ ಜಾಗವನ್ನು ಚೆನ್ನಾಗಿ ಕಂಡಿದ್ದರು. ಎಲ್ಲರಿಗೂ ಗೊತ್ತಿರುವ ಉದಾಹರಣೆ: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ‘ಬೆಂಕಿ ಇಲ್ಲದೆ ಹೊಗೆಯಾಡದು’ ಎಂಬ ಗಾದೆಯೂ ಇದನ್ನೇ ಹೇಳುತ್ತದೆ. ತಡೆ: ಹೊಗೆ ಇದೆ + ಬೆಂಕಿ ಇಲ್ಲ.

ಇದನ್ನು ತಿರುಗಿಸಿ ‘ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ’ ಎನ್ನಬಹುದೇ? ಅವರು ತಕ್ಷಣ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಿದ್ದರು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಅಲ್ಲಿಗೇ ನಿಲ್ಲಲಿಲ್ಲ, ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಂಕಿಯಿಂದ ಹೊಗೆ ಬರಬೇಕಾದರೆ ಹಸಿ ಸೌದೆ ಸೇರಬೇಕು. ಹೀಗೆ ಸದ್ದಿಲ್ಲದೆ ಒಳಗೆ ಸೇರಿಕೊಂಡ ಷರತ್ತನ್ನು ಉಪಾಧಿ ಎಂದರು. ನನಗೆ ಇದು ಬಹಳ ಇಷ್ಟವಾದ ವಿಷಯ. ತಪ್ಪನ್ನು ತೋರಿಸಲು ಅವರು ನಿಯಮ ಹೇಳಲಿಲ್ಲ, ಒಂದು ವಸ್ತುವನ್ನು ಮುಂದಿಟ್ಟರು. ನೀವೂ ಹಾಗೆಯೇ ಮಾಡಿ. ತಿರುಗಿಸಿದ ವಾಕ್ಯ ಸರಿಯೆನಿಸಿದರೆ, ‘ನನ್ನ ಕಬ್ಬಿಣದ ಗುಂಡು ಯಾವುದು?’ ಎಂದು ಹುಡುಕಿ. ಒಂದು ಸಿಕ್ಕರೂ ಸಾಕು, ಆ ಹೆಜ್ಜೆ ಕುಸಿಯಿತು.

‘ಇಲ್ಲ’ ಹಚ್ಚುವ ತಪ್ಪಿಗೂ ಒಂದು ಗಾದೆ ಇದೆ: ‘ಊಟ ಬಲ್ಲವನಿಗೆ ರೋಗವಿಲ್ಲ.’ ಇದನ್ನು ಪಜಲ್ ವಾಕ್ಯವೆಂದೇ ತೆಗೆದುಕೊಳ್ಳಿ. ಒಬ್ಬನಿಗೆ ರೋಗವಿದೆ ಎಂದು ಗೊತ್ತಾದರೆ, ಅವನು ಊಟ ಬಲ್ಲವನಲ್ಲ ಎನ್ನಬಹುದು. ಊಟ ಬಲ್ಲವನಲ್ಲ ಎಂದು ಗೊತ್ತಾದರೆ? ರೋಗ ಇದ್ದೇ ಇದೆ ಎನ್ನುವಂತಿಲ್ಲ. ಅವನ ಬಗ್ಗೆ ಗಾದೆ ಏನೂ ಹೇಳಿಲ್ಲ.

ನಾಲ್ಕು ಕಾರ್ಡು

ಈಗ ಪೆನ್ಸಿಲ್ ಹಿಡಿಯಿರಿ. ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ. ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ನಿಮಗೆ ಕಾಣುತ್ತಿರುವ ಬದಿಗಳು: ಅ, ಕ, 4, 7. ನಿಯಮ: ‘ಒಂದು ಬದಿಯಲ್ಲಿ ಸ್ವರ ಇದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇದೆ.’ ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವ ಯಾವ ಕಾರ್ಡುಗಳನ್ನು ಮಗುಚಲೇಬೇಕು? ಬೇಡದ್ದನ್ನು ಮಗುಚಬಾರದು.

ಮುಂದೆ ಓದುವ ಮೊದಲು ಉತ್ತರ ಬರೆದುಬಿಡಿ.

ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟ ಪಜಲ್ ಇದು. ಹತ್ತು ಜನ ಕೂತರೆ ಸರಿಯಾಗಿ ಬಿಡಿಸುವವರು ಒಬ್ಬರು ಸಿಕ್ಕರೆ ಹೆಚ್ಚು. ಹೆಚ್ಚಿನವರು ‘ಅ ಮತ್ತು 4’ ಅನ್ನುತ್ತಾರೆ, ಇಲ್ಲವೇ ‘ಅ’ ಒಂದೇ ಸಾಕು ಅನ್ನುತ್ತಾರೆ. ಸರಿ ಉತ್ತರ ‘ಅ’ ಮತ್ತು ‘7’.

ನಮ್ಮ ದಾರಿಯಲ್ಲಿ ನೋಡಿ. ತಡೆ: ಸ್ವರ + ಬೆಸಸಂಖ್ಯೆ. ನಿಯಮವನ್ನು ಮುರಿಯಬಲ್ಲದ್ದು ಇದೊಂದೇ ಜೋಡಿ. ‘ಅ’ ಕಾರ್ಡಿನ ಹಿಂದೆ ಬೆಸ ಇರಬಹುದು, ಮಗುಚಿ. ‘ಕ’ ವ್ಯಂಜನ, ಅದು ನಿಯಮ ಮುರಿಯಲಾರದು, ಬಿಡಿ. ‘4’ ಸಮ. ಅದರ ಹಿಂದೆ ಸ್ವರ ಇದ್ದರೆ ನಿಯಮಕ್ಕೆ ಒಪ್ಪುತ್ತದೆ, ವ್ಯಂಜನ ಇದ್ದರೂ ನಿಯಮದ ತಕರಾರಿಲ್ಲ. ಮಗುಚಿದರೂ ಹೊಸದೇನೂ ತಿಳಿಯದು. ‘7’ ಬೆಸ. ಅದರ ಹಿಂದೆ ಸ್ವರ ಅಡಗಿದ್ದರೆ ನಿಯಮ ಅಲ್ಲೇ ಸತ್ತಿತು. ಮಗುಚಲೇಬೇಕು.

‘4’ ಯಾಕೆ ಅಷ್ಟು ಜನರ ಕೈ ಎಳೆಯುತ್ತದೆ? ನಿಯಮದಲ್ಲಿ ‘ಸಮ’ ಎಂಬ ಮಾತು ಬಂದಿದೆ, ಕಣ್ಣು ಅದರ ಹಿಂದೆ ಹೋಗುತ್ತದೆ. ಜೊತೆಗೆ ನಮಗೆಲ್ಲ ನಿಯಮಕ್ಕೆ ಸಾಕ್ಷಿ ಹುಡುಕುವ ಚಟ. ಮುರಿಯುವುದನ್ನು ಹುಡುಕಲು ಮನಸ್ಸು ತಾನಾಗಿ ಹೋಗುವುದಿಲ್ಲ, ಕಳಿಸಬೇಕು.

ಇದೇ ಪಜಲಿನ ಮೈ ಬದಲಾಯಿಸಿದರೆ ಆಗುವುದು ಸ್ವಾರಸ್ಯ. 1982ರಲ್ಲಿ ಅಮೆರಿಕದ ರಿಚರ್ಡ್ ಗ್ರಿಗ್ಸ್ ಮತ್ತು ಜೇಮ್ಸ್ ಕಾಕ್ಸ್ ಹೀಗೆ ಕೇಳಿದರು: ‘ಒಬ್ಬ ವ್ಯಕ್ತಿ ಬಿಯರ್ ಕುಡಿಯುತ್ತಿದ್ದರೆ ಅವರಿಗೆ 19 ದಾಟಿರಬೇಕು.’ ಒಂದೊಂದು ಕಾರ್ಡು ಒಬ್ಬೊಬ್ಬ ವ್ಯಕ್ತಿ. ಕಾಣುವುದು: ಬಿಯರ್, ಕೋಕ್, 22 ವರ್ಷ, 16 ವರ್ಷ. ಯಾರನ್ನು ವಿಚಾರಿಸಬೇಕು? ಸುಮಾರು ಮುಕ್ಕಾಲು ಪಾಲು ವಿದ್ಯಾರ್ಥಿಗಳು ಬಿಯರ್ ಕುಡಿಯುವವರನ್ನೂ 16ರವರನ್ನೂ ಸರಿಯಾಗಿ ಆರಿಸಿದರು. ಪಜಲಿನ ಎಲುಬು ಅದೇ. ಆದರೆ ಇಲ್ಲಿ ತಡೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕ ವಯಸ್ಸು, ಕೈಯಲ್ಲಿ ಬಿಯರ್: ನಿಯಮ ಮುರಿಯುವ ವ್ಯಕ್ತಿ ಕಣ್ಣಿಗೆ ಕಟ್ಟುತ್ತಾನೆ.

ಯಾಕೆ ಹೀಗಾಗುತ್ತದೆ ಎಂಬ ಬಗ್ಗೆ ಸಂಶೋಧಕರಲ್ಲಿ ದೊಡ್ಡ ಜಗಳವೇ ಇದೆ. ಬಿಡಿಸುವವರು ಆ ಜಗಳ ಮುಗಿಯುವವರೆಗೆ ಕಾಯಬೇಕಿಲ್ಲ. ಒಣ ಒಣ ಅಕ್ಷರ, ಅಂಕಿಯ ನಿಯಮ ಬಂದರೆ ಅದನ್ನು ಯಾರೋ ಮುರಿಯಬಹುದಾದ ಕಾನೂನಿನಂತೆ ಓದಿ. ‘ಇಲ್ಲಿ ಕಳ್ಳ ಯಾರು?’ ಎಂದು ಕೇಳಿ. ಕಳ್ಳ ಅಡಗಿರಬಹುದಾದ ಕಾರ್ಡುಗಳನ್ನಷ್ಟೇ ಮಗುಚಿ.

‘ಮಾತ್ರ’ ಬಂದಾಗ ನಿಲ್ಲಿ

ಪಜಲಿನ ವಾಕ್ಯಗಳು ಯಾವಾಗಲೂ ನೇರವಾಗಿ ಬರುವುದಿಲ್ಲ. ಈ ಎರಡನ್ನು ಹೋಲಿಸಿ: ‘ಕೀಲಿ ಇದ್ದರೆ ಬಾಗಿಲು ತೆರೆಯುತ್ತದೆ.’ ‘ಕೀಲಿ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ.’ ಮೊದಲನೆಯದರ ತಡೆ: ಕೀಲಿ ಇದೆ + ಬಾಗಿಲು ತೆರೆದಿಲ್ಲ. ಎರಡನೆಯದರ ತಡೆ: ಬಾಗಿಲು ತೆರೆದಿದೆ + ಕೀಲಿ ಇಲ್ಲ. ದಿಕ್ಕೇ ಉಲ್ಟಾ. ಎರಡನೆಯ ವಾಕ್ಯದಲ್ಲಿ ಕೀಲಿ ಇದ್ದೂ ಬಾಗಿಲು ತೆರೆಯದೆ ಇರಬಹುದು, ಒಳಗಿನಿಂದ ಚಿಲಕ ಹಾಕಿರಬಹುದು. ‘ಕೀಲಿ ಇಲ್ಲದೆ ತೆರೆಯದು’, ‘ಕೀಲಿ ಇದ್ದ ಹೊರತು ತೆರೆಯದು’, ‘ತೆರೆಯಲು ಕೀಲಿ ಬೇಕೇ ಬೇಕು’ ಎಲ್ಲವೂ ಈ ಎರಡನೆಯ ಗುಂಪಿಗೇ ಸೇರಿದವು. ‘ಕೀಲಿ ಇದ್ದರೆ ಸಾಕು’ ಎನ್ನುವುದು ಮೊದಲನೆಯ ಗುಂಪು. ‘ಬೇಕು’ ಮತ್ತು ‘ಸಾಕು’ ಈ ಎರಡರ ನಡುವಿನ ಅಂತರ ಮನಸ್ಸಿನಲ್ಲಿ ಕೂತರೆ ಅರ್ಧ ಪಜಲ್ ಮುಗಿದಂತೆ.

ಇಷ್ಟು ಸಣ್ಣ ವಿಷಯದಲ್ಲಿ ಜಾಣರೂ ಯಾಕೆ ಎಡವುತ್ತಾರೆ? ದಿನನಿತ್ಯದ ಮಾತು ಬೇರೆ ಥರ ಕೆಲಸ ಮಾಡುತ್ತದೆ. ‘ಹೋಂವರ್ಕ್ ಮುಗಿಸಿದರೆ ಆಟಕ್ಕೆ ಬಿಡ್ತೀನಿ’ ಎಂದು ಅಮ್ಮ ಹೇಳಿದರೆ, ಮುಗಿಸದಿದ್ದರೆ ಬಿಡುವುದಿಲ್ಲ ಎಂದೂ ಮಗುವಿಗೆ ಕೇಳಿಸುತ್ತದೆ. ಕೇಳಿಸಬೇಕಾದದ್ದೂ ಹಾಗೆಯೇ ಅಲ್ವಾ? ಮೈಕೆಲ್ ಗೈಸ್ ಮತ್ತು ಆರ್ನಾಲ್ಡ್ ಜ್ವಿಕಿ ಎಂಬ ಭಾಷಾಶಾಸ್ತ್ರಜ್ಞರು 1971ರಲ್ಲೇ ಇದನ್ನು ಬಿಡಿಸಿ ಹೇಳಿದರು: ವಾಕ್ಯ ಹೇಳದ ಅರ್ಥವನ್ನು ಕೇಳುಗ ತಾನೇ ಕೂಡಿಸಿಕೊಳ್ಳುತ್ತಾನೆ, ಹೇಳಿದವರೂ ಅದನ್ನೇ ಬಯಸುತ್ತಾರೆ. ಇದು ದಡ್ಡತನವಲ್ಲ, ಒಳ್ಳೆಯ ಕೇಳ್ಮೆ. ಪಜಲ್ ಮಾತ್ರ ಅಂಥ ಕೂಡಿಕೆಯನ್ನು ಒಪ್ಪುವುದಿಲ್ಲ. ಬರೆದಷ್ಟೇ ಲೆಕ್ಕ. ನಾನು ಮಕ್ಕಳಿಗೆ ‘ನೀನು ತಪ್ಪು’ ಎನ್ನದೆ ‘ನೀನು ಮನೆಯ ಮಾತು ಕೇಳಿದೆ, ಇದು ಪಜಲಿನ ಮಾತು’ ಎನ್ನುತ್ತೇನೆ. ಅದು ನಿಜವೂ ಹೌದು.

ಹಾಗಾದರೆ ಮನಸ್ಸಿನ ಕೂಡಿಕೆಯನ್ನು ತಡೆಯುವುದು ಹೇಗೆ? ಒಂದು ಒಳ್ಳೆಯ ಮದ್ದಿದೆ. ‘ಈ ಫಲ ಬೇರೆ ಯಾವ ಕಾರಣದಿಂದ ಬಂದಿರಬಹುದು?’ ಎಂದು ಕೇಳಿ. ಮನಶ್ಶಾಸ್ತ್ರಜ್ಞೆ ರೂತ್ ಬರ್ನ್ 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ವಾಕ್ಯ ಹೀಗಿತ್ತು: ಅವಳಿಗೆ ಪ್ರಬಂಧ ಬರೆಯುವುದಿದ್ದರೆ ರಾತ್ರಿಯವರೆಗೆ ಲೈಬ್ರರಿಯಲ್ಲಿ ಓದುತ್ತಾಳೆ. ಪಕ್ಕದಲ್ಲಿ ‘ಪಠ್ಯಪುಸ್ತಕ ಓದುವುದಿದ್ದರೂ ಲೈಬ್ರರಿಯಲ್ಲಿ ಓದುತ್ತಾಳೆ’ ಎಂಬ ಅರ್ಥದ ಇನ್ನೊಂದು ವಾಕ್ಯ ಇಟ್ಟರೆ, ಲೈಬ್ರರಿಯಲ್ಲಿದ್ದಾಳೆ ಎಂದರೆ ಪ್ರಬಂಧ ಇದೆ ಎನ್ನುವ ತಪ್ಪು ತೀರ್ಮಾನ ಬಹಳ ಕಡಿಮೆಯಾಯಿತು. ಆದರೆ ‘ಲೈಬ್ರರಿ ತೆರೆದಿದ್ದರೆ’ ಎಂಬ ವಾಕ್ಯ ಇಟ್ಟಾಗ ಉಲ್ಟಾ ಆಯಿತು. ಪ್ರಬಂಧ ಇದೆ ಎಂದು ಹೇಳಿದರೂ ಬಹಳ ಜನ ‘ಅವಳು ಓದುತ್ತಾಳೆ’ ಎನ್ನಲು ಹಿಂಜರಿದರು. ಬಾಗಿಲು ಮುಚ್ಚಿದ್ದರೆ ಎಂಬ ಅನುಮಾನ ಒಳಗೆ ಬಂತು. ಜೀವನದಲ್ಲಿ ಆ ಅನುಮಾನ ಒಳ್ಳೆಯದು. ಪಜಲ್ ಬಿಡಿಸುವಾಗ ಮಾತ್ರ ಲೈಬ್ರರಿಯ ವೇಳೆ ನಿಮ್ಮ ಚಿಂತೆಯಲ್ಲ.

ಐದು ಜನ, ನಾಲ್ಕು ನಿಯಮ

ಈಗ ಒಂದು ಪೂರ್ತಿ ಪಜಲ್. ಸಭೆಗೆ ಐದು ಜನರಿಗೆ ಕರೆ ಹೋಗಿದೆ: ಗೌರಿ, ಹರೀಶ, ಮೀನಾ, ರವಿ, ಸುಮಾ. ಗೌರಿ ಬಂದರೆ ಹರೀಶ ಬರುತ್ತಾನೆ. ಮೀನಾ ಬಂದರೆ ಮಾತ್ರ ಹರೀಶ ಬರುತ್ತಾನೆ. ಮೀನಾ, ರವಿ ಇಬ್ಬರೂ ಬರುವುದು ಸಾಧ್ಯವಿಲ್ಲ. ಸುಮಾ ಬಾರದಿದ್ದರೆ ರವಿ ಬರುತ್ತಾನೆ.

ಮೊದಲು ತಡೆಗಳನ್ನು ಬರೆಯಿರಿ. ಒಂದು: ಗೌರಿ ಇದ್ದು ಹರೀಶ ಇಲ್ಲ. ಎರಡು: ಹರೀಶ ಇದ್ದು ಮೀನಾ ಇಲ್ಲ. ಮೂರು: ಮೀನಾ ಇದ್ದು ರವಿಯೂ ಇದ್ದಾನೆ. ನಾಲ್ಕು: ಸುಮಾ ಇಲ್ಲ, ರವಿಯೂ ಇಲ್ಲ. ಎರಡನೆಯದು ‘ಮಾತ್ರ’ದ ವಾಕ್ಯ, ಅದರ ದಿಕ್ಕು ಗಮನಿಸಿ.

ಗೌರಿ ಬಂದಿದ್ದಾಳೆ ಎಂದುಕೊಳ್ಳಿ. ಹರೀಶ ಬರಲೇಬೇಕು. ಹಾಗಾದರೆ ಮೀನಾ ಇದ್ದಾಳೆ. ಹಾಗಾದರೆ ರವಿ ಇಲ್ಲ. ರವಿ ಇಲ್ಲದ ಮೇಲೆ ಸುಮಾ ಇರಲೇಬೇಕು. ಒಂದು ಸುದ್ದಿಯಿಂದ ಐದೂ ಜನರ ವಿಷಯ ಇತ್ಯರ್ಥವಾಯಿತು.

ರವಿ ಬಂದಿದ್ದಾನೆ ಎಂದುಕೊಳ್ಳಿ. ಮೀನಾ ಇಲ್ಲ. ಅವಳಿಲ್ಲದಿದ್ದರೆ ಹರೀಶ ಇಲ್ಲ. ಹರೀಶ ಇಲ್ಲದಿದ್ದರೆ ಗೌರಿ ಇಲ್ಲ. ಸುಮಾ? ಇಲ್ಲಿ ನಾನು ಓದುವ ಹಾಳೆಗಳಲ್ಲಿ ‘ಸುಮಾ ಬಂದಿಲ್ಲ’ ಎಂಬ ಸಾಲು ಪದೇ ಪದೇ ಸಿಗುತ್ತದೆ. ನಾಲ್ಕನೆಯ ತಡೆ ನೋಡಿ. ಅದರಲ್ಲಿ ರವಿ ಇಲ್ಲದಿರುವ ಸ್ಥಿತಿ ಮಾತ್ರ ಇದೆ. ರವಿ ಬಂದ ಮೇಲೆ ಆ ನಿಯಮ ಮುಗಿದ ಕೆಲಸ. ಸುಮಾ ಬರಬಹುದು, ಬಾರದೆಯೂ ಇರಬಹುದು. ‘ಹೇಳಲಾಗದು’ ಎಂದು ಬರೆಯಿರಿ. ಅದು ಸೋಲಿನ ಮಾತಲ್ಲ, ಪೂರ್ತಿ ಅಂಕ ಸಿಗಬೇಕಾದ ಉತ್ತರ.

ಸುಮಾ ಬಂದಿದ್ದಾಳೆ ಎಂದಷ್ಟೇ ಗೊತ್ತಾದರೆ? ಯಾವ ತಡೆಯಲ್ಲೂ ‘ಸುಮಾ ಇದ್ದಾಳೆ’ ಎಂಬುದಿಲ್ಲ. ಅದೊಂದರಿಂದ ಉಳಿದವರಲ್ಲಿ ಯಾರೊಬ್ಬರ ವಿಷಯವೂ ತೀರ್ಮಾನವಾಗುವುದಿಲ್ಲ.

ಐದು ಜನ ಬರುವ, ಬಾರದ ಸಾಧ್ಯತೆ ಒಟ್ಟು 32. ನಾಲ್ಕು ತಡೆಗಳನ್ನು ದಾಟಿ ಉಳಿಯುವುದು 6 ಮಾತ್ರ. ಸಮಯವಿದ್ದರೆ ಆ ಆರನ್ನೂ ಬರೆದು ನೋಡಿ. ಬೇರೆ ಯಾವ ಅಭ್ಯಾಸಕ್ಕಿಂತಲೂ ಇದು ಕೈ ಕುದುರಿಸುತ್ತದೆ.

‘ಹೀಗಾದರೆ ಹಾಗೆ’ ವಾಕ್ಯದಲ್ಲಿ ಸುಳ್ಳು ಹೇಳುವುದು

ಸದಾ ಸತ್ಯ ಹೇಳುವವರು, ಸದಾ ಸುಳ್ಳು ಹೇಳುವವರು ಇರುವ ದ್ವೀಪದ ಪಜಲ್‌ಗಳನ್ನು ನೀವು ನೋಡಿರುತ್ತೀರಿ. ತರ್ಕಶಾಸ್ತ್ರಜ್ಞ ರೇಮಂಡ್ ಸ್ಮುಲ್ಯನ್ ಅವುಗಳನ್ನು ಮನೆಮಾತು ಮಾಡಿದರು. ಅಂಥ ದ್ವೀಪದಲ್ಲಿ ಅಜಿತ ಹೇಳುತ್ತಾನೆ: ‘ನಾನು ಸತ್ಯವಂತನಾಗಿದ್ದರೆ ಬಸವನೂ ಸತ್ಯವಂತ.’ ಇಬ್ಬರೂ ಯಾರು ಯಾರು?

ಇದು ಸುತ್ತಿ ಸುತ್ತಿ ತಲೆ ತಿನ್ನುವ ಪಜಲ್ ಎನಿಸುತ್ತದೆ. ತಡೆ ಬರೆದರೆ ಎರಡೇ ಸಾಲು. ತಡೆ: ಅಜಿತ ಸತ್ಯವಂತ + ಬಸವ ಸುಳ್ಳುಗಾರ. ಈ ಮಾತು ಸುಳ್ಳಾಗಬೇಕಾದರೆ ತಡೆದ ಸ್ಥಿತಿಯೇ ಆಗಿರಬೇಕು, ಅಂದರೆ ಅಜಿತ ಸತ್ಯವಂತನಾಗಿರಬೇಕು. ಸುಳ್ಳುಗಾರನಾದ ಅಜಿತ ಈ ಮಾತನ್ನು ಹೇಳಲಾರ. ಏಕೆಂದರೆ ಅವನು ಸುಳ್ಳುಗಾರನಾದರೆ ಮಾತು ನಿಜವಾಗಿಬಿಡುತ್ತದೆ, ಸುಳ್ಳುಗಾರ ನಿಜ ಹೇಳಿದಂತಾಗುತ್ತದೆ. ಆದ್ದರಿಂದ ಅಜಿತ ಸತ್ಯವಂತ. ಮಾತು ನಿಜ, ಅವನು ಸತ್ಯವಂತ, ಆದ್ದರಿಂದ ಬಸವನೂ ಸತ್ಯವಂತ.

ನೆನಪಿಡಬೇಕಾದದ್ದು ಇಷ್ಟು: ‘ಹೀಗಾದರೆ ಹಾಗೆ’ ಎಂಬ ವಾಕ್ಯ ಸುಳ್ಳಾಗುವ ದಾರಿ ಒಂದೇ. ಮೊದಲ ಭಾಗ ನಿಜವಾಗಿ, ಎರಡನೆಯದು ಸುಳ್ಳಾಗಬೇಕು. ಮೊದಲ ಭಾಗವೇ ನಡೆಯದಿದ್ದರೆ ವಾಕ್ಯ ನಿಜವೆಂದೇ ಲೆಕ್ಕ. ಇದನ್ನು ಒಪ್ಪಲು ಬಹಳ ಜನರಿಗೆ ಕಷ್ಟ. ಹಳೆಯ ಗ್ರೀಸಿನಲ್ಲೂ ಕಷ್ಟವೇ ಆಗಿತ್ತು. ಫಿಲೋ ಎಂಬ ತಾರ್ಕಿಕ ಇಂಥ ವಾಕ್ಯ ಮೂರು ರೀತಿಯಲ್ಲಿ ನಿಜ, ಒಂದು ರೀತಿಯಲ್ಲಿ ಸುಳ್ಳು ಎಂದ. ಅವನ ಗುರು ಡಿಯೋಡೋರಸ್ ಅಷ್ಟು ಸಾಲದು, ಮೊದಲ ಭಾಗ ನಿಜವಾಗಿ ಎರಡನೆಯದು ಸುಳ್ಳಾಗುವುದು ಎಂದೂ ಸಾಧ್ಯವಿರಬಾರದು ಎಂದ. ವಾದ ಎಷ್ಟು ಜೋರಾಗಿತ್ತೆಂದರೆ, ಯಾವ ‘ಹೀಗಾದರೆ ಹಾಗೆ’ ವಾಕ್ಯ ಸರಿ ಎಂದು ಮಾಳಿಗೆಯ ಮೇಲಿನ ಕಾಗೆಗಳೂ ಕೂಗುತ್ತಿವೆ ಎಂದು ಕವಿ ಕಲ್ಲಿಮಾಕಸ್ ಬರೆದ. ಪಜಲ್ ಲೋಕ ನಡೆಯುವುದು ಫಿಲೋನ ಲೆಕ್ಕದಲ್ಲಿ.

ಉತ್ತರ ಸರಿ, ದಾರಿ ತಪ್ಪು

‘ಎಲ್ಲ ಹಕ್ಕಿಗಳೂ ಮೊಟ್ಟೆ ಇಡುತ್ತವೆ. ನವಿಲು ಮೊಟ್ಟೆ ಇಡುತ್ತದೆ. ಆದ್ದರಿಂದ ನವಿಲು ಹಕ್ಕಿ.’ ಕೊನೆಯ ಮಾತು ನಿಜ, ಹಾಗಾಗಿ ದಾರಿಯೂ ಸರಿಯೆನಿಸುತ್ತದೆ. ನವಿಲಿನ ಜಾಗದಲ್ಲಿ ಆಮೆಯನ್ನು ಕೂರಿಸಿ. ಆಮೆಯೂ ಮೊಟ್ಟೆ ಇಡುತ್ತದೆ. ಅಚ್ಚು ಅದೇ, ಈಗ ಹೊರಬಂದದ್ದು ಸುಳ್ಳು. ಅಚ್ಚೇ ಸೋರುತ್ತಿದೆ ಎಂದಾಯಿತು. ತೀರ್ಮಾನ ನಿಮಗೆ ಮೊದಲೇ ಗೊತ್ತಿರುವ ನಿಜವಾದಾಗ ಜಾಸ್ತಿ ಎಚ್ಚರ ಬೇಕು. ಹೆಸರುಗಳನ್ನು ಬದಲಾಯಿಸಿ ಮತ್ತೆ ಓದಿ.

‘ಅಥವಾ’ ಬಗ್ಗೆಯೂ ಎರಡು ಮಾತು. ‘ಕಾಗದ ಕಪಾಟಿನಲ್ಲಿದೆ ಅಥವಾ ಮೇಜಿನಲ್ಲಿದೆ.’ ಕಪಾಟಿನಲ್ಲಿಲ್ಲ ಎಂದರೆ ಮೇಜಿನಲ್ಲಿದೆ, ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ‘ಅವನು ಹಾಡುತ್ತಾನೆ ಅಥವಾ ಕುಣಿಯುತ್ತಾನೆ, ಹಾಡುತ್ತಾನೆ, ಆದ್ದರಿಂದ ಕುಣಿಯುವುದಿಲ್ಲ’ ಎನ್ನುವುದು ‘ಅಥವಾ’ದ ಅರ್ಥದ ಮೇಲೆ ನಿಂತಿದೆ. ಗ್ರೀಸಿನ ಸ್ಟೋಯಿಕ್ ಪಂಥದ ಕ್ರಿಸಿಪ್ಪಸ್ ಎರಡರಲ್ಲಿ ಒಂದೇ ಎಂಬ ಅರ್ಥದಲ್ಲಿ ಬಳಸಿದ, ಹಾಗಾಗಿ ಅವನಿಗೆ ಈ ಹೆಜ್ಜೆ ಸರಿ. ಇಂದಿನ ತರ್ಕದಲ್ಲಿ ಎರಡೂ ಆಗಬಹುದು. ಪಜಲ್ ಕಟ್ಟುವವರಿಗೆ ನನ್ನ ಕೋರಿಕೆ: ಯಾವ ಅರ್ಥ ಎಂದು ಬರೆದುಬಿಡಿ. ‘ಎರಡೂ ಒಟ್ಟಿಗಲ್ಲ’ ಎಂಬ ಎರಡು ಪದ ಸೇರಿಸಲು ಜಿಪುಣತನ ಮಾಡಿ ಬಿಡಿಸುವವರ ಅಂಕ ಕಡಿಯುವುದು ಅನ್ಯಾಯ.

‘ಹೇಳಲಾಗದು’ ಯಾವಾಗ ತಪ್ಪು?

‘ಹೇಳಲಾಗದು’ ಎಂಬುದನ್ನು ಹೊಗಳಿದ ಮೇಲೆ ಅದರ ಗಡಿಯನ್ನೂ ತೋರಿಸಬೇಕು. ರಾಜು ಅನಿತಾಳನ್ನು ನೋಡುತ್ತಿದ್ದಾನೆ. ಅನಿತಾ ಮೋಹನನನ್ನು ನೋಡುತ್ತಿದ್ದಾಳೆ. ರಾಜುವಿಗೆ ಮದುವೆಯಾಗಿದೆ, ಮೋಹನನಿಗೆ ಆಗಿಲ್ಲ. ಮದುವೆಯಾದ ಒಬ್ಬರು ಮದುವೆಯಾಗದ ಒಬ್ಬರನ್ನು ನೋಡುತ್ತಿದ್ದಾರೆಯೇ? ಹೌದು, ಇಲ್ಲ, ಹೇಳಲಾಗದು?

ಕಂಪ್ಯೂಟರ್ ವಿಜ್ಞಾನಿ ಹೆಕ್ಟರ್ ಲೆವೆಕ್ ಕಟ್ಟಿದ ಪಜಲ್ ಇದು, ಹೆಸರುಗಳು ನನ್ನವು. ಅನಿತಾಳ ವಿಷಯ ಹೇಳಿಲ್ಲ, ಹಾಗಾಗಿ ಹೆಚ್ಚಿನವರು ‘ಹೇಳಲಾಗದು’ ಎಂದು ಎದ್ದುಬಿಡುತ್ತಾರೆ. ಅವಳ ವಿಷಯ ಗೊತ್ತಿಲ್ಲದಿದ್ದರೂ ಅವಳಿಗಿರುವುದು ಎರಡೇ ಸ್ಥಿತಿ. ಮದುವೆಯಾಗಿದ್ದರೆ, ಅವಳು ಮೋಹನನನ್ನು ನೋಡುತ್ತಿದ್ದಾಳೆ, ಉತ್ತರ ಹೌದು. ಆಗಿಲ್ಲದಿದ್ದರೆ, ರಾಜು ಅವಳನ್ನು ನೋಡುತ್ತಿದ್ದಾನೆ, ಆಗಲೂ ಹೌದು. ಎರಡು ದಾರಿಯೂ ಒಂದೇ ಊರಿಗೆ ಹೋಗುತ್ತವೆ. ಉತ್ತರ ಹೌದು.

ಆದ್ದರಿಂದ ‘ಹೇಳಲಾಗದು’ ಎಂದು ಬರೆಯುವ ಮೊದಲು ಒಂದು ಕೆಲಸ ಕಡ್ಡಾಯ. ಎಲ್ಲ ತಡೆಗಳನ್ನೂ ದಾಟುವ ಎರಡು ಸ್ಥಿತಿಗಳನ್ನು ಕಟ್ಟಿ ತೋರಿಸಿ. ಒಂದರಲ್ಲಿ ಉತ್ತರ ಹೌದು ಬರಬೇಕು, ಇನ್ನೊಂದರಲ್ಲಿ ಇಲ್ಲ ಬರಬೇಕು. ಎರಡೂ ಕಟ್ಟಲಾದರೆ ಧೈರ್ಯವಾಗಿ ಬರೆಯಿರಿ. ರವಿ ಬಂದಾಗ ಸುಮಾಳ ವಿಷಯದಲ್ಲಿ ಹಾಗೆ ಕಟ್ಟಬಹುದು: ರವಿ, ಸುಮಾ ಇಬ್ಬರೇ ಬಂದ ಸಭೆ ಒಂದು, ರವಿ ಒಬ್ಬನೇ ಬಂದ ಸಭೆ ಇನ್ನೊಂದು. ಅನಿತಾಳ ಪಜಲಿನಲ್ಲಿ ‘ಇಲ್ಲ’ ಬರುವ ಸ್ಥಿತಿಯನ್ನು ಕಟ್ಟಲು ಹೋಗಿ, ಕಟ್ಟಲಾಗದು.

ಖಚಿತ ಉತ್ತರ ಸಿಕ್ಕಾಗಲೂ ಇದನ್ನೇ ಮಾಡಿ. ಅದನ್ನು ಬೀಳಿಸುವ ಸ್ಥಿತಿಯೊಂದನ್ನು ಕಟ್ಟಲು ನೋಡಿ. ವೇಸನ್ 1960ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. 2, 4, 6 ಎಂಬ ಮೂರು ಸಂಖ್ಯೆ ತಮ್ಮ ಮನಸ್ಸಿನ ಒಂದು ನಿಯಮಕ್ಕೆ ಒಪ್ಪುತ್ತವೆ, ಬೇರೆ ಸಂಖ್ಯೆಗಳನ್ನು ಹೇಳಿ ಆ ನಿಯಮ ಕಂಡುಹಿಡಿಯಿರಿ ಎಂದರು. ಜನ 8, 10, 12 ಎಂದರು, 20, 22, 24 ಎಂದರು. ಎಲ್ಲದಕ್ಕೂ ‘ಒಪ್ಪುತ್ತದೆ’ ಎಂಬ ಉತ್ತರ ಬಂತು. ಎರಡೆರಡು ಏರುವ ಸಂಖ್ಯೆ ಎಂದು ಘೋಷಿಸಿಬಿಟ್ಟರು. ನಿಯಮ ಅದಲ್ಲ. ಏರುತ್ತಾ ಹೋಗುವ ಯಾವ ಮೂರು ಸಂಖ್ಯೆಯಾದರೂ ಸರಿ. 29 ಜನರಲ್ಲಿ ಮೊದಲ ಘೋಷಣೆಯಲ್ಲೇ ಸರಿ ಹೇಳಿದವರು 6 ಮಂದಿ. 1, 2, 50 ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ತಮ್ಮ ಊಹೆ ತಡೆಯುವ ಸಂಖ್ಯೆಗಳನ್ನೇ ಕೇಳಬೇಕಿತ್ತು.

ಕೈಯಲ್ಲಿ ಪೆನ್ಸಿಲ್ ಇರುವಾಗಲೇ ಇದನ್ನೂ ಮಾಡಿ. ಐದು ಜನರ ಸಭೆಗೆ ಹರೀಶ ಬಂದಿಲ್ಲ ಎಂದಷ್ಟೇ ಗೊತ್ತಾಗಿದೆ. ಗೌರಿ ಇಲ್ಲ ಎಂಬುದು ಒಂದನೆಯ ತಡೆಯಿಂದ ಬರುತ್ತದೆ. ಅಲ್ಲಿಂದ ಮುಂದೆ ಮೀನಾ, ರವಿ, ಸುಮಾ ಮೂವರಲ್ಲಿ ಒಬ್ಬೊಬ್ಬರ ವಿಷಯವನ್ನೂ ಎರಡು ಸ್ಥಿತಿ ಕಟ್ಟಿ ಪರೀಕ್ಷಿಸಿ. ಮೊದಲಿನ 6 ಸಾಧ್ಯತೆಗಳಲ್ಲಿ 4 ಉಳಿಯಬೇಕು. ಮೂರೇ ಉಳಿದರೆ ‘ಮಾತ್ರ’ದ ವಾಕ್ಯವನ್ನು ಮತ್ತೊಮ್ಮೆ ಓದಿ. ಮೀನಾ ಬಂದ ಮಾತ್ರಕ್ಕೆ ಹರೀಶ ಬರಲೇಬೇಕೆಂದು ಅದು ಹೇಳಿಲ್ಲ.